ಮ್ಯೂಟ್ ಹಾಕಿದ ಟ್ರಂಪೆಟ್, ಹಾರ್ನ್ ಸ್ಯಾಂಪಲ್ ಎಲ್ಲಿ ಹುಡುಕೋದು? – ಪ್ರಶ್ನೋತ್ತರ

ಪ್ರಶ್ನೆ (ಚಿತ್ರದುರ್ಗ): ಸರ್, ನಮ್ಮ ಏಳು ಸುತ್ತಿನ ಕೋಟೆ ಬಗ್ಗೆ ಒಂದು ಸಾಕ್ಷ್ಯಚಿತ್ರಕ್ಕೆ ಹಿನ್ನೆಲೆ ಸಂಗೀತ ಮಾಡ್ತಿದೀನಿ. 1779ರಲ್ಲಿ ಹೈದರಾಲಿ ಕೋಟೆ ಹಿಡಿದ ಭಾಗಕ್ಕೆ, ಸೈನ್ಯ ದೂರದಲ್ಲಿ ಬರ್ತಿದೆ ಅನ್ನಿಸೋ ಹಾಗೆ ಮ್ಯೂಟ್ (ಬೆಲ್, ಅಂದ್ರೆ ವಾದ್ಯದ ಅಗಲ ಬಾಯಿಗೆ ಸಿಕ್ಕಿಸಿ ದನಿ ಬದಲಿಸೋ ಬಿರಡೆ) ಹಾಕಿದ ಟ್ರಂಪೆಟ್, ಫ್ರೆಂಚ್ ಹಾರ್ನ್ ಸ್ಯಾಂಪಲ್ (ರೆಕಾರ್ಡ್ ಮಾಡಿಟ್ಟ ವಾದ್ಯದ ದನಿ) ಬೇಕು. ಆರ್ಕೆಸ್ಟ್ರಾ ಲೈಬ್ರರಿಯಲ್ಲಿ ‘ಮ್ಯೂಟ್’ ಅಂತ ಹುಡುಕಿದ್ರೆ ಏನೂ ಸಿಗಲ್ಲ, ಅದರ ಇಟಾಲಿಯನ್ ಹೆಸರು ‘ಸೋರ್ಡಿನೊ’ ಅಂತ ಹಾಕಿದ್ರೆ ಬರೀ ವಯಲಿನ್ ಬರುತ್ತೆ. ಮಾಮೂಲಿ ಟ್ರಂಪೆಟ್‌ಗೆ ಈಕ್ಯೂ (ದನಿಯ ಮೇಲಿನ, ಕೆಳಗಿನ ಭಾಗ ಏರಿಸಿ ಇಳಿಸೋ ಸಾಧನ) ಹಾಕಿ ಹೈ ಕಟ್, ಅಂದ್ರೆ ಮೇಲಿನ ಭಾಗ ಕಮ್ಮಿ ಮಾಡಿದೆ. ಪಕ್ಕದ ಮನೇಲಿ ಯಾರೋ ಊದಿದ ಹಾಗೆ ಕೇಳುತ್ತೆ, ಅಷ್ಟೇ. ರೀಪರ್ (ರೆಕಾರ್ಡಿಂಗ್ ಸಾಫ್ಟ್‌ವೇರ್) ಮತ್ತು ಉಚಿತ ಕಾಂಟ್ಯಾಕ್ಟ್ ಪ್ಲೇಯರ್ (ಸ್ಯಾಂಪಲ್ ನುಡಿಸೋ ಸಾಫ್ಟ್‌ವೇರ್) ಇದೆ. ದಾರಿ ಹೇಳಿ.

ಉತ್ತರ (ದಾವಣಗೆರೆ, ಅರೇಂಜರ್): ಮೊದಲು ಯಾವ ಮ್ಯೂಟ್ ಬೇಕು ಅಂತ ಗಟ್ಟಿ ಮಾಡ್ಕೊಳ್ರಿ. ಅದು ಗೊತ್ತಿಲ್ಲದೆ ಹುಡುಕಿದ್ರೆ ಸಿಕ್ಕಿದ್ದೂ ಸರಿ ಕೇಳಲ್ಲ.

ಸ್ಕೋರ್‌ನಲ್ಲಿ (ಬರೆದ ಸ್ವರಲಿಪಿಯಲ್ಲಿ) ‘ಕಾನ್ ಸೋರ್ಡಿನೊ’ (ಮ್ಯೂಟ್ ಹಾಕಿ) ಅಂತಷ್ಟೇ ಇದ್ದು ಬೇರೆ ಹೆಸರು ಹೇಳದಿದ್ರೆ ಟ್ರಂಪೆಟ್, ಟ್ರೊಂಬೋನ್‌ಗಳಿಗೆ ಸ್ಟ್ರೇಟ್ ಮ್ಯೂಟ್ ಅಂತ ಹಿಡೀತಾರೆ. ಅದರ ಕುತ್ತಿಗೆಗೆ ಮೂರು ಕಾರ್ಕ್ ಪಟ್ಟಿ ಇರುತ್ತೆ, ಪಟ್ಟಿಗಳ ಸಂದಿಯಿಂದ ಗಾಳಿ ಆಚೆ ಬರುತ್ತೆ. ಕೆಳಗಿನ ತೂಕ ಹೋಗಿ ಮೇಲಿನ ಚುರುಕು ಉಳಿಯುತ್ತೆ. ಇದರ ತುದಿಗೆ ಬಟ್ಟಲು ಕೂರಿಸಿದ್ರೆ ಕಪ್ ಮ್ಯೂಟ್. ಆಗ ಮೇಲಿನ ಚುರುಕೂ ಇಳಿದು ದನಿ ಮೆತ್ತಗಾಗುತ್ತೆ. ಹಾರ್ಮನ್ ಅನ್ನೋ ಇನ್ನೊಂದು ಮ್ಯೂಟ್‌ನಲ್ಲಿ ಕಾರ್ಕ್ ಸುತ್ತಲೂ ಬಳೆಯಂತೆ ಮುಚ್ಚಿರುತ್ತೆ, ಇರೋ ಗಾಳಿಯೆಲ್ಲ ಮ್ಯೂಟ್ ಒಳಗಿಂದಲೇ ಬರಬೇಕು. ನಡುವಿನ ಕೊಳವೆ ತೆಗೆದ್ರೆ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ರೆಕಾರ್ಡ್‌ಗಳಲ್ಲಿ ಕೇಳೋ ಸಣ್ಣ ಝೇಂಕಾರ. ಕೋಟೆ ಸೀನಿಗೆ ಅದು ಬೇಡ, ಜಾಝ್ ಕ್ಲಬ್ ನೆನಪಾಗುತ್ತೆ.

ಹಾರ್ನ್ ವಿಷಯವೇ ಬೇರೆ. ಅದರಲ್ಲಿ ಮ್ಯೂಟ್ ಒಂದು, ಬಲಗೈಯನ್ನ ಬೆಲ್ ಒಳಗೆ ಬಿಗಿಯಾಗಿ ತುರುಕಿ ಊದೋ ‘ಸ್ಟಾಪ್ಡ್’ ಇನ್ನೊಂದು. ಸ್ಟಾಪ್ಡ್‌ಗೆ ಸ್ವರದ ಮೇಲೆ ಪ್ಲಸ್ ಗುರುತು ಹಾಕ್ತಾರೆ. ಜೋರಾಗಿ ಊದಿದಾಗ ತಗಡು ಹರಿದ ಹಾಗೆ ಸದ್ದು, ಬೆದರಿಕೆಗೆ ಅದೇ ಬೇಕು. ಮ್ಯೂಟ್ ಹಾಕಿದ ಹಾರ್ನ್ ದೂರಕ್ಕೆ ಒಳ್ಳೇದು. ನಿಮ್ಮ ಸೀನಿಗೆ ನನ್ನ ಸಲಹೆ: ಎರಡು ಸ್ಟ್ರೇಟ್ ಮ್ಯೂಟ್ ಟ್ರಂಪೆಟ್, ಕೆಳಗೆ ಮ್ಯೂಟ್ ಹಾರ್ನ್, ಸೈನ್ಯ ಹತ್ರ ಬಂದಾಗ ಒಂದೇ ಕಡೆ ಸ್ಟಾಪ್ಡ್ ಹಾರ್ನ್.

ಇನ್ನು ಹುಡುಕೋದು. ‘ಸೋರ್ಡಿನೊ’ ತಂತಿವಾದ್ಯಕ್ಕೂ ಅದೇ ಪದ, ಅದಕ್ಕೇ ವಯಲಿನ್ ಬರ್ತಿರೋದು. ಬ್ರಾಸ್ (ಹಿತ್ತಾಳೆ ವಾದ್ಯ) ಫೋಲ್ಡರ್ ಒಳಗೆ ಹೋಗಿ ‘ಸೋರ್ಡ್’, ‘ಸಿಎಸ್’ (ಕಾನ್ ಸೋರ್ಡಿನೊದ ಗಿಡ್ಡ ರೂಪ), ‘ಸ್ಟ್ರೇಟ್’, ‘ಕಪ್’, ‘ಹಾರ್ಮನ್’, ‘ಸ್ಟಾಪ್ಡ್’, ಜರ್ಮನ್‌ನ ‘ಗೆಶ್ಟಾಪ್ಟ್’, ಫ್ರೆಂಚ್‌ನ ‘ಬೂಶೆ’ ಒಂದೊಂದಾಗಿ ಹಾಕಿ ನೋಡ್ರಿ. ಇನ್ನೊಂದು ಮುಖ್ಯ: ಸರ್ಚ್ ಬಾಕ್ಸ್ ಸಾಮಾನ್ಯವಾಗಿ ಪ್ಯಾಚ್ (ಒಂದು ವಾದ್ಯದ ದನಿಗಳ ಫೈಲ್) ಹೆಸರನ್ನಷ್ಟೇ ನೋಡುತ್ತೆ. ಮ್ಯೂಟ್ ದನಿ ‘ಟ್ರಂಪೆಟ್ಸ್’ ಅನ್ನೋ ಒಂದೇ ಪ್ಯಾಚ್ ಒಳಗೆ ಕೀಸ್ವಿಚ್ (ಸ್ವರ ನುಡಿಸದೆ ದನಿಯ ಬಗೆಯನ್ನಷ್ಟೇ ಬದಲಿಸೋ ಕೀಲಿ) ಆಗಿ ಅಡಗಿರಬಹುದು. ಪ್ಯಾಚ್ ತೆರೆದು ಆರ್ಟಿಕ್ಯುಲೇಷನ್ (ನುಡಿಸೋ ಬಗೆ) ಪಟ್ಟಿ ಪೂರ್ತಿ ಇಳಿಸಿ ನೋಡಿ.

ಅಲ್ಲೂ ಇಲ್ಲ ಅಂದ್ರೆ ನಿಮ್ಮದು ಸಣ್ಣ ಎಡಿಷನ್ ಇರಬೇಕು. ಅಗ್ಗದ ಎಡಿಷನ್‌ನಲ್ಲಿ ಮೊದಲು ಕೈಬಿಡೋದೇ ಮ್ಯೂಟ್‌ಗಳನ್ನ. ದುಡ್ಡು ಕೊಡೋ ಮುಂಚೆ ‘ಬ್ರಾಸ್’ ಅಂತ ದಪ್ಪಕ್ಷರದಲ್ಲಿರೋದನ್ನ ನಂಬಬೇಡಿ, ವಾದ್ಯವಾರು ಆರ್ಟಿಕ್ಯುಲೇಷನ್ ಪಟ್ಟಿ ಓದಿ. ಬರೀ ಲಾಂಗ್ (ಎಳೆದ ಸ್ವರ) ಇದೆಯೋ, ಶಾರ್ಟ್ (ಚುಟುಕು ಸ್ವರ) ಮತ್ತು ಲೆಗಾಟೊ (ಒಂದಕ್ಕೊಂದು ಬೆಸೆದ ಸ್ವರ) ಕೂಡ ಇದೆಯೋ ಅಂತ ನೋಡಿ. ರಣಕಹಳೆ ಥರದ ತುಣುಕಿಗೆ ಶಾರ್ಟ್ ಇಲ್ಲದಿದ್ರೆ ಕೆಲಸ ಕೆಟ್ಟಂತೆ. ‘ಫುಲ್ ಕಾಂಟ್ಯಾಕ್ಟ್ (ದುಡ್ಡು ಕೊಟ್ಟು ಕೊಳ್ಳೋ ಆವೃತ್ತಿ) ಬೇಕು’ ಅಂತಿದ್ರೆ ನಿಮ್ಮ ಉಚಿತ ಪ್ಲೇಯರ್‌ನಲ್ಲಿ 15 ನಿಮಿಷಕ್ಕೆ ಡೆಮೊ ನಿಂತು ಹೋಗುತ್ತೆ.

ವಿಯೆನ್ನಾ ಸಿಂಫೋನಿಕ್ ಲೈಬ್ರರಿಯ ಡೈಮೆನ್ಷನ್ ಬ್ರಾಸ್ 2 ಮ್ಯೂಟ್ ದನಿಗಳಿಗೇ ಮಾಡಿದ್ದು, ಗುಂಪಿನ ದನಿಗೆ ನೋಡಬಹುದು. ಸ್ಯಾಂಪಲ್ ಮಾಡೆಲಿಂಗ್‌ನ ‘ದಿ ಟ್ರಂಪೆಟ್’ನಲ್ಲಿ ಮ್ಯೂಟ್ ಬದಲಾಯಿಸಬಹುದು, ಆದ್ರೆ ಸಿಸಿ11 (ದನಿಯ ಏರಿಳಿತ ಹೇಳೋ ಮಿಡಿ ಸಂದೇಶ; ಮಿಡಿ ಅಂದ್ರೆ ಕೀಬೋರ್ಡ್, ಕಂಪ್ಯೂಟರ್ ನಡುವಿನ ಸಂಗೀತ ಸಂಕೇತ) ಕಳಿಸದೆ ಅದು ಸದ್ದೇ ಮಾಡಲ್ಲ, ಪ್ಲಗಿನ್ ಕೆಟ್ಟಿದೆ ಅಂದ್ಕೊಂಡು ತೆಗೆದು ಹಾಕಬೇಡಿ. ಉಚಿತವಾಗಿ ಬೇಕಂದ್ರೆ ವರ್ಸಿಲಿಯನ್ ಸ್ಟುಡಿಯೋಸ್‌ನ ವಿಎಸ್‌ಸಿಒ 2 ಕಮ್ಯುನಿಟಿ ಎಡಿಷನ್ ಇಳಿಸಿ, ಟ್ರಂಪೆಟ್ ಫೋಲ್ಡರ್ ನೋಡಿ. ಲೈಸೆನ್ಸ್ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಝೀರೋ (ಯಾರು ಬೇಕಾದ್ರೂ ಬಳಸಬಹುದು), ಸಾಕ್ಷ್ಯಚಿತ್ರಕ್ಕೆ ತೊಂದರೆ ಇಲ್ಲ. ಎಸ್‌ಎಫ್‌ಝಡ್ (ಒಂದು ಸ್ಯಾಂಪಲ್ ಫೈಲ್ ಮಾದರಿ) ರೂಪ ಇಳಿಸಿದ್ರೆ ನುಡಿಸೋಕೆ ಸ್ಫಿಝ್ ಅಥವಾ ಸ್ಫೋರ್ಝಾಂಡೊ ಅನ್ನೋ ಉಚಿತ ಪ್ಲೇಯರ್ ಸಾಕು.

ಏನೂ ಬೇಡ, ಇವತ್ತೇ ಡೈರೆಕ್ಟರಿಗೆ ಕರಡು ಕೇಳಿಸಬೇಕು ಅಂದ್ರೆ ಯಾವುದಾದ್ರೂ ಜನರಲ್ ಮಿಡಿ ಸೌಂಡ್‌ಫಾಂಟ್‌ನ (ವಾದ್ಯಗಳಿಗೆ ಗೊತ್ತಾದ ಕ್ರಮಸಂಖ್ಯೆ ಇರೋ ದನಿಗಳ ಫೈಲ್) 60ನೇ ಪ್ರೋಗ್ರಾಂ ಮ್ಯೂಟೆಡ್ ಟ್ರಂಪೆಟ್. ಸೊನ್ನೆಯಿಂದ ಎಣಿಸೋ ಸಾಫ್ಟ್‌ವೇರ್‌ನಲ್ಲಿ 59. ಹಾರ್ನ್‌ಗೆ ಅಂಥದ್ದು ಆ ಪಟ್ಟಿಯಲ್ಲಿಲ್ಲ.

ಮರುಪ್ರಶ್ನೆ (ಚಿತ್ರದುರ್ಗ): ತುಂಬಾ ಉಪಕಾರ ಸರ್. ಪಟ್ಟಿ ಇಳಿಸಿ ನೋಡಿದೆ: ಟ್ರಂಪೆಟ್‌ನಲ್ಲಿ ಮ್ಯೂಟ್ ಲಾಂಗ್ ಇದೆ, ಶಾರ್ಟ್ ಇಲ್ಲ. ಶಾರ್ಟ್ ಮಾತ್ರ ಈಕ್ಯೂನಲ್ಲೇ ಮಾಡೋಕಾಗುತ್ತಾ?

ಉತ್ತರ: ಆಗುತ್ತೆ, ಆದ್ರೆ ನೀವು ಮಾಡಿದ್ದು ಉಲ್ಟಾ. ಸ್ಟ್ರೇಟ್ ಮ್ಯೂಟ್ ಕಟ್ ಮಾಡೋದು ಕೆಳಗಿನದನ್ನ, ಮೇಲಿನದನ್ನಲ್ಲ.

ಅದಕ್ಕಿಂತ ದೊಡ್ಡ ವಿಷಯ ಡೈನಾಮಿಕ್ಸ್. ಮ್ಯೂಟ್ ಹಾಕಿದವರು ಒಳಗೆ ಜೋರಾಗೇ ಊದ್ತಿರ್ತಾರೆ, ಹೊರಗೆ ಸದ್ದು ಸಣ್ಣದಾಗಿ ಬರುತ್ತೆ. ನೀವು ಮೆತ್ತಗಿನ ಸ್ಯಾಂಪಲ್ ತಗೊಂಡು ಈಕ್ಯೂ ಹಾಕಿದ್ರೆ ಅದರಲ್ಲಿ ಎತ್ತಿ ತೋರಿಸೋಕೆ ಮೇಲಿನ ಅಂಶವೇ ಇರಲ್ಲ. ಮಾಮೂಲಿ ಶಾರ್ಟ್ ಪ್ಯಾಚ್‌ನಲ್ಲಿ ಮಿಕ್ಕೆಲ್ಲಕ್ಕಿಂತ ಜೋರಿನ ಲೇಯರ್ (ಜೋರಾಗಿ ಊದಿ ರೆಕಾರ್ಡ್ ಮಾಡಿದ ಸ್ಯಾಂಪಲ್) ಬರೋ ಹಾಗೆ ವೆಲಾಸಿಟಿ (ಕೀಲಿ ಒತ್ತೋ ರಭಸದ ಅಂಕಿ) 110ರ ಮೇಲಿಡಿ, ಫೇಡರ್ (ವಾಲ್ಯೂಮ್) 10–12 ಡಿಬಿ ಇಳಿಸಿ. ಆಮೇಲೆ 500 ಹರ್ಟ್ಝ್ ಸುತ್ತ ಇಳಿಜಾರಾದ ಲೋ ಕಟ್, 2 ಕಿಲೋಹರ್ಟ್ಝ್ ಹತ್ರ ಅಗಲವಾಗಿ 4–5 ಡಿಬಿ ಏರಿಸಿ. ಇವು ಶುರು ಮಾಡೋ ಅಂಕಿಗಳು, ನಿಮ್ಮ ಮ್ಯೂಟ್ ಲಾಂಗ್ ಸ್ಯಾಂಪಲ್ ಪಕ್ಕದಲ್ಲಿಟ್ಟು ಕಿವಿಗೆ ಹೊಂದಿಸ್ಕೊಳ್ಳಿ.

ಹಾಲ್‌ನ ರೆವರ್ಬ್ ಸ್ಯಾಂಪಲ್‌ನಲ್ಲೇ ಬೆರೆತಿದ್ರೆ ಈಕ್ಯೂ ಆ ಹಾಲನ್ನೂ ಮ್ಯೂಟ್ ಮಾಡುತ್ತೆ, ಮೋಸ ಅಲ್ಲೇ ಗೊತ್ತಾಗೋದು. ಕ್ಲೋಸ್ ಮೈಕ್ (ವಾದ್ಯದ ಹತ್ತಿರದ ಮೈಕ್‌ನ ದನಿ) ಒಂದನ್ನೇ ಇಟ್ಟು ಈಕ್ಯೂ ಮಾಡಿ, ರೆವರ್ಬ್ ಆಮೇಲೆ ಕೊಡಿ.

ಇನ್ನೊಬ್ಬರ ಪ್ರಶ್ನೆ (ದಾವಣಗೆರೆ): ಅಣ್ಣ, ನಮ್ಮೂರಲ್ಲಿ ಬ್ಯಾಂಡ್‌ಸೆಟ್ ಟ್ರಂಪೆಟ್‌ನವರು ಇದಾರಲ್ಲ, ಒಂದು ಸ್ಟ್ರೇಟ್ ಮ್ಯೂಟ್ ತಂದು ನಾವೇ ಸ್ಯಾಂಪಲ್ ಮಾಡ್ಕೊಂಡ್ರೆ?

ಉತ್ತರ: ಮದುವೆ ಸೀಸನ್ ಬಿಟ್ಟು ಕೇಳು ತಮ್ಮಾ, ಸೀಸನ್‌ನಲ್ಲಿ ತುಟಿ ದಣಿದಿರುತ್ತೆ, ಪಿಯಾನಿಸ್ಸಿಮೊ (ತೀರಾ ಮೆತ್ತಗಿನ ಸ್ವರ) ಬರಲ್ಲ.

ಲೆಕ್ಕ ಹೀಗೆ: ಮಿಡಿ ಕೀಲಿ ಸಂಖ್ಯೆ 52ರಿಂದ 82ರವರೆಗೆ ಮೂರು ಸೆಮಿಟೋನಿಗೊಂದರಂತೆ (ಸೆಮಿಟೋನ್ ಅಂದ್ರೆ ಪಕ್ಕದ ಕೀಲಿಗಿರೋ ಅಂತರ) 11 ಸ್ವರ. ಒಂದೊಂದಕ್ಕೆ ಮೆತ್ತಗೆ, ಮಧ್ಯಮ, ಜೋರು. ಪ್ರತಿಯೊಂದೂ ಎರಡು ಸಲ. 66 ಫೈಲ್. ಅವರದು ಬಿ ಫ್ಲಾಟ್ ಟ್ರಂಪೆಟ್ ಆಗಿದ್ರೆ ಅವರು ‘ಸಿ’ ಅಂದದ್ದು ಕೀಬೋರ್ಡ್‌ನ ಬಿ ಫ್ಲಾಟ್, ಫೈಲ್ ಹೆಸರಲ್ಲಿ ಕೀಬೋರ್ಡಿನದ್ದೇ ಬರೀರಿ. ಮೂರು ಸೆಮಿಟೋನ್ ಬಿಟ್ಟರೆ ಒಂದು ಸ್ಯಾಂಪಲ್ ಆಚೀಚೆ ಒಂದೊಂದೇ ಸೆಮಿಟೋನ್ ಹಿಗ್ಗುತ್ತೆ. ಮ್ಯೂಟ್ ದನಿಗೆ ಅದಕ್ಕಿಂತ ಹೆಚ್ಚು ಹಿಗ್ಗಿಸಬಾರದು. ಮ್ಯೂಟ್‌ನ ಅನುರಣನ ಯಾವ ಸ್ವರಕ್ಕೂ ಒಂದೇ ಜಾಗದಲ್ಲಿ ನಿಂತಿರುತ್ತೆ. ಪಿಚ್ ಎಳೆದ್ರೆ ಅದೂ ಜೊತೆಗೆ ಸರಿದು, ಕೀಲಿ ಕೀಲಿಗೂ ಮ್ಯೂಟ್ ಬದಲಾಯಿಸಿದ ಹಾಗೆ ಕೇಳುತ್ತೆ.

ಸ್ಟ್ರೇಟ್ ಮ್ಯೂಟ್ ಹಾಕಿದ ಮೇಲೆ ಶ್ರುತಿ ಸ್ವಲ್ಪ ಏರುತ್ತೆ. ಮುಖ್ಯ ಟ್ಯೂನಿಂಗ್ ಸ್ಲೈಡ್ ಕೆಲವು ಮಿಲಿಮೀಟರ್ ಆಚೆ ಎಳೆದು ಟ್ಯೂನರ್ ನೋಡಿಯೇ ರೆಕಾರ್ಡ್ ಶುರು ಮಾಡ್ರಿ. ಕಾರ್ಕ್ ಒಣಗಿದ್ರೆ ಮಧ್ಯದಲ್ಲಿ ಮ್ಯೂಟ್ ಬೀಳುತ್ತೆ. ಬೆಲ್ ಒಳಗೆ ಬಾಯಿಂದ ಹಬೆ ಬಿಟ್ಟು, ಮ್ಯೂಟ್ ಒಳಗಿಟ್ಟು ಸ್ವಲ್ಪ ತಿರುಗಿಸಿದ್ರೆ ಕಚ್ಚಿ ನಿಲ್ಲುತ್ತೆ. ಮೈಕ್ ಒಂದು ಮೀಟರ್ ದೂರ, ಬೆಲ್‌ನ ನೇರಕ್ಕೆ ಬೇಡ, ಕೊಂಚ ಓರೆ. ಫ್ಯಾನ್ ಆಫ್. ಗೇನ್ ಮಧ್ಯದಲ್ಲಿ ಮುಟ್ಟಬೇಡಿ, ಮುಟ್ಟಿದ್ರೆ ಮೆತ್ತಗಿನದ್ದೂ ಜೋರಿನದ್ದೂ ಒಂದೇ ಮಟ್ಟಕ್ಕೆ ಬಂದು ಲೇಯರ್ ಮಾಡಿದ್ದೇ ದಂಡ.

ಹಾರ್ನ್ ಇಲ್ಲಿ ಸಿಗೋದು ಕಷ್ಟ. ಸಿಕ್ಕರೆ, ಡಬಲ್ ಹಾರ್ನ್‌ಗೆ ಎಫ್, ಬಿ ಫ್ಲಾಟ್ ಅಂತ ಎರಡು ಕೊಳವೆ ಬದಿ ಇರುತ್ತೆ, ಸ್ಟಾಪ್ಡ್ ಸ್ವರಗಳನ್ನ ಎಫ್ ಬದಿಯಲ್ಲೇ ಊದಿಸಿ. ಅದರಲ್ಲಿ ಶ್ರುತಿ ಸುಮಾರು ಅರ್ಧ ಸ್ವರ ಏರುತ್ತೆ, ಒಂದು ಸೆಮಿಟೋನ್ ಕೆಳಗಿನ ಬೆರಳು ಹಿಡಿದ್ರೆ ಸರಿಹೋಗುತ್ತೆ. ಬಿ ಫ್ಲಾಟ್ ಬದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಏರಿ ಎರಡು ಕೀಲಿ ನಡುವೆ ಸಿಕ್ಕಿಹಾಕಿಕೊಳ್ಳುತ್ತೆ.

ಮರುಪ್ರಶ್ನೆ (ಚಿತ್ರದುರ್ಗ): ಮ್ಯೂಟ್ ಲಾಂಗ್‌ನ ಕೀಸ್ವಿಚ್ ಮ್ಯಾನ್ಯುವಲ್‌ನಲ್ಲಿ ಸಿ0 ಅಂತಿದೆ. ಒತ್ತಿದ್ರೆ ಏನೂ ಆಗಲ್ಲ.

ಉತ್ತರ: ಮಿಡಿ 60ನ್ನ ಕೆಲವರು ಸಿ3 ಅಂತಾರೆ, ಕೆಲವರು ಸಿ4 ಅಂತಾರೆ. ಒಂದು ಆಕ್ಟೇವ್ ಮೇಲೆ, ಒಂದು ಕೆಳಗೆ ಒತ್ತಿ ನೋಡಿ. ಸ್ವಿಚ್ ಸಿಕ್ಕಿದ ಮೇಲೆ ಅದನ್ನ ಸ್ವರ ಶುರುವಾಗೋಕೆ ಸ್ವಲ್ಪ ಮುಂಚೆ ಇಡಿ. ಎರಡೂ ಒಂದೇ ಗೆರೆಯಲ್ಲಿ ಕೂತ್ರೆ ಮೊದಲ ಸ್ವರ ಮ್ಯೂಟ್ ಇಲ್ಲದೇ ಬರಬಹುದು.