ರಿಟೈರ್ ಆದ್ಮೇಲೆ ಟೈಮ್ ಟೇಬಲ್ಲೇ ಜಾಸ್ತಿ ಆಗಿದೆ, ಯಾವುದನ್ನ ಬಿಡೋದು?

ಕುವೆಂಪುನಗರದ ಟೀಚರ್

ಎಲ್ರಿಗೂ ನಮಸ್ಕಾರ. ನಮ್ಮ ಯಜಮಾನ್ರು ಬ್ಯಾಂಕಿಂದ ರಿಟೈರ್ ಆಗಿ ಒಂದು ವರ್ಷ, ನಾನು ಹೈಸ್ಕೂಲಿಂದ ಆಗಿ ಎರಡು ವರ್ಷ. ಮೊದಲನೇ ತಿಂಗಳು ಇವರು ಪೇಪರ್ ಹಿಡ್ಕೊಂಡು ಅಡುಗೆಮನೆ ಬಾಗಿಲಲ್ಲೇ ಕುರ್ಚಿ ಹಾಕ್ಕೊಂಡು ಒಗ್ಗರಣೆಗೆ ಎಷ್ಟು ಎಣ್ಣೆ ಹಾಕ್ತೀಯ ಅಂತ ಆಡಿಟ್ ಮಾಡೋಕೆ ಶುರು ಮಾಡಿದ್ರು, ತಡೀಲಾರ್ದೆ ನಾನೇ ಯಾವುದಾದ್ರೂ ಕ್ಲಾಸಿಗೆ ಸೇರ್ಕೊಳ್ಳಿ ಅಂದೆ, ಅದೇ ನಾನು ಮಾಡಿದ ತಪ್ಪು. ಈಗ ಫ್ರಿಜ್ ಮೇಲೆ ಸ್ಕೇಲಲ್ಲಿ ಗೆರೆ ಎಳೆದು ಟೈಮ್ ಟೇಬಲ್ ಅಂಟಿಸಿದ್ದಾರೆ.

ದಿನಾ ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ. ಸೋಮವಾರ ಬುಧವಾರ ನನ್ನ ವೀಣೆ, ಮಂಗಳವಾರ ಗುರುವಾರ ಅವರ ಗಮಕ (ಕಾವ್ಯಾನ ರಾಗವಾಗಿ ಓದೋದು), ಶುಕ್ರವಾರ ಭಜನೆ, ಶನಿವಾರ ತಾರಸಿ ಮೇಲೆ ಗಿಡದ ಕೆಲಸ, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಸಾವಿರದ ಮೇಲಿದೆ ಮೆಟ್ಟಿಲು! ನಾನು ದೊಡ್ಡ ನಂದಿ ಹತ್ರ ಕೂತ್ಬಿಡ್ತೀನಿ, ಇವರು ಮೇಲೆ ಹೋಗಿ ಪ್ರಸಾದ ತರ್ತಾರೆ. ಕೆರೇಲೂ ಅಷ್ಟೇ, ಒಂದು ಸುತ್ತು ನಾಲ್ಕು ಕಿಲೋಮೀಟರ್ ಮೇಲಾಗತ್ತೆ, ನನಗೆ ನಿಂತು ಹೆಜ್ಜಾರ್ಲೆ ಹಕ್ಕಿ ನೋಡ್ಬೇಕು, ಇವರಿಗೆ ಫೋನಲ್ಲಿ ಹೆಜ್ಜೆ ಎಣಿಸ್ಬೇಕು.

ನನ್ನ ಬೇಜಾರು ಏನಂದ್ರೆ, 61ನೇ ವಯಸ್ಸಲ್ಲಿ ವೀಣೆ ಹಿಡಿದಿದ್ದೀನಿ, ಇನ್ನೂ ಸರಳೆ ವರಸೆ ಅನ್ನೋ ಮೊದಲ ಪಾಠದಲ್ಲೇ ಇದ್ದೀನಿ, ಎಡಗೈ ಎರಡು ಬೆರಳಲ್ಲಿ ತಂತಿ ಗೆರೆ ಬಿದ್ದು ಸಾರಿಗೆ ಖಾರದಪುಡಿ ಹಾಕುವಾಗ ಉರಿಯತ್ತೆ, ಆದ್ರೂ ಇಷ್ಟ. ಕ್ಲಾಸಿಗೇನೋ ಹೋಗ್ತೀನಿ, ಮನೇಲಿ ಪ್ರಾಕ್ಟೀಸ್ ಮಾಡೋಕೆ ಟೈಮೇ ಇಲ್ಲ. ಇದರಲ್ಲಿ ಯಾವುದನ್ನ ಬಿಡ್ಲಿ? ಅವರಿಗೆ ಬೇಜಾರಾಗದ ಹಾಗೆ ಹೇಗೆ ಹೇಳ್ಲಿ? ಹಾಗೇ ದಾಸವಾಳಕ್ಕೆ ಬಿಳಿ ಹಿಟ್ಟಿನ ಹುಳ ಬಂದಿದೆ, ಅದಕ್ಕೂ ಏನಾದ್ರೂ ಹೇಳಿ.

ತಾರಸಿ ತೋಟ ಬೆಂಗಳೂರು

ಮೇಡಂ ಮೊದಲು ಹುಳ. ಪೈಪಿಂದ ಜೋರಾಗಿ ನೀರು ಹೊಡೆದು ಎಷ್ಟು ಹೋಗತ್ತೋ ಅಷ್ಟು ತೊಳೀರಿ, ತುಂಬಾ ಮೆತ್ಕೊಂಡಿರೋ ತುದಿ ಕತ್ತರಿಸಿ ಕವರಲ್ಲಿ ಕಟ್ಟಿ ಬಿಸಾಕಿ. ಆಮೇಲೆ 1 ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಸ್ವಲ್ಪ ಪಾತ್ರೆ ತೊಳೆಯೋ ಲಿಕ್ವಿಡ್ (ಅದಿಲ್ದಿದ್ರೆ ಎಣ್ಣೆ ನೀರಲ್ಲಿ ಬೆರೆಯಲ್ಲ), ಸಂಜೆ ಹೊತ್ತು ಎಲೆ ಕೆಳಗಡೆ ಬೀಳೋ ಹಾಗೆ ಸ್ಪ್ರೇ ಮಾಡಿ, ವಾರಕ್ಕೊಂದ್ಸಲ ಮೂರು ನಾಲ್ಕು ವಾರ. ಬುಡದಲ್ಲಿ ಇರುವೆ ಸಾಲು ಇದ್ಯಾ ನೋಡಿ. ಆ ಹುಳ ಬಿಡೋ ಸಿಹಿ ಅಂಟಿಗೋಸ್ಕರ ಇರುವೆಗಳೇ ಅದನ್ನ ಸಾಕ್ತವೆ, ಇರುವೆ ನಿಲ್ಲಿಸದೆ ಹುಳ ಹೋಗಲ್ಲ.

ಇನ್ನು ಶನಿವಾರ ಮಾತ್ರ ಗಾರ್ಡನಿಂಗ್ ಅನ್ನೋದು ಗಿಡಕ್ಕೆ ಗೊತ್ತಾಗಲ್ಲ ಮೇಡಂ. ಏಪ್ರಿಲ್ ಬಿಸಿಲಲ್ಲಿ ಗ್ರೋ ಬ್ಯಾಗ್ ಒಂದೇ ದಿನಕ್ಕೆ ಒಣಗತ್ತೆ. ದಿನಾ ಹದಿನೈದು ನಿಮಿಷ ಸಾಕು, ಅದನ್ನ ಸಾಹೇಬ್ರಿಗೆ ವಹಿಸಿಬಿಡಿ. ಹರಿವೆ ಸೊಪ್ಪು ಹಾಕಿಸಿ, ತಿಂಗಳೊಳಗೆ ಕೊಯ್ಲಿಗೆ ಬರತ್ತೆ, ಲೆಕ್ಕ ಬರ್ಕೊಳ್ಳೋಕೆ ಅವರಿಗೂ ಖುಷಿ.

ಧಾರವಾಡದ ಮಾಸ್ತರ

ಅಕ್ಕಾರ, ನಮ್ಮ ಮನ್ಯಾಗೂ ಇದ ಹಣೇಬಾರ ಇತ್ತು ನೋಡ್ರಿ. ನಾನೂ ನಮ್ಮಾಕಿನ್ನ ಎಲ್ಲಾ ಕಡೆ ಜೋಡಿ ಎಳಕೊಂಡು ಹೋಗತಿದ್ದೆ, ಒಂದಿನ ಆಕಿ ಕೆಲಗೇರಿ ಕೆರಿ ದಂಡಿ ಮ್ಯಾಲ ಚಪ್ಪಲ್ ಕೈಯಾಗ ಹಿಡಕೊಂಡು ಕುಂತು "ನಾ ಬರೂದಿಲ್ಲ, ನೀವ ಹೋಗ್ರಿ" ಅಂದ್ಲು. ಆವತ್ತಿಂದ ಮುಂಜಾನೆ ನಾ ಒಬ್ಬನ, ಆಕಿಗೆ ಆಕಿ ಗೆಳತ್ಯಾರ ಗುಂಪು. ಸಂಜಿ ಮುಂದ ಮಾತ್ರ ಇಬ್ಬರೂ ಕೂಡಿ ವಿದ್ಯಾವರ್ಧಕ ಸಂಘಕ್ಕ ಹೋಗತೀವಿ. 1890ರಾಗ ಕಟ್ಟಿದ ಸಂಘರಿ ಅದು, ಯಾವಾಗ ಹೋದ್ರೂ ಉಪನ್ಯಾಸ ಅದು ಇದು ನಡದ ಇರತದ. ಭಾಷಣ ಬ್ಯಾಸರಾದ್ರ ಎದ್ದು ಬಂದು ಗಿರಮಿಟ್ ತಿಂತೀವಿ. ಖರೇ ಹೇಳಬೇಕಂದ್ರ ಗಿರಮಿಟ್ ಸಲುವಾಗೇ ಹೋಗತೀವಿ.

ಸರಸ್ವತಿಪುರಂ ವಾಕರ್

ಯಜಮಾನ್ರ ಪರವಾಗಿ ಒಂದು ಮಾತು. ಮೂವತ್ತೈದು ವರ್ಷ ಹತ್ತು ಗಂಟೆಗೆ ಸೀಟಲ್ಲಿ ಕೂತೋರಿಗೆ ಸೋಮವಾರ ಬೆಳಿಗ್ಗೆ ಹತ್ತಾದ್ರೆ ಹೊಟ್ಟೇಲಿ ಏನೋ ತಳಮಳ ಆಗತ್ತೆ, ನನಗೂ ಆಗಿತ್ತು, ಟೈಮ್ ಟೇಬಲ್ ಇದ್ರೆ ಧೈರ್ಯ. ಅದನ್ನ ಕಿತ್ತು ಹಾಕ್ಬೇಡಿ, ನಿಮ್ಮ ಹೆಸರು ಅಲ್ಲಲ್ಲಿ ಅಳಿಸ್ಕೊಳ್ಳಿ ಸಾಕು. ಗಮಕ ಕಲೀತಿದ್ದಾರೆ ಅಂದ್ರೆ ಭಾಮಿನಿ ಷಟ್ಪದಿ ಬಂದೇ ಬರತ್ತೆ, ಮೂರು ನಾಲ್ಕು ಮೂರು ನಾಲ್ಕು ಅಂತ ಮಾತ್ರೆ ಎಣಿಸ್ಕೊಂಡು ಒಬ್ರೇ ನಡೆಯೋಕೆ ಅದು ಎಷ್ಟು ಚೆನ್ನಾಗಿ ಹೊಂದತ್ತೆ ಗೊತ್ತಾ, ನಾನೂ ಅದನ್ನೇ ಮಾಡೋದು, ಎದುರಿಗೆ ಬರೋರು ನನ್ನ ತುಟಿ ನೋಡಿ ದಾರಿ ಬಿಡ್ತಾರೆ. ಆ ಹೊತ್ತಲ್ಲಿ ಮನೆ ಖಾಲಿ, ನೀವು ವೀಣೆ ಹಿಡೀರಿ.

ಬೆಟ್ಟಕ್ಕೆ ನೀವು ಬಸ್ಸಲ್ಲಿ ಹೋಗಿ, ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಇಲ್ವಲ್ಲ. ಅವರು ಮೆಟ್ಟಿಲು ಹತ್ತಿ ಬರ್ಲಿ, ಇಳಿಯೋವಾಗ ಇಬ್ರೂ ಬಸ್ಸೇ. ಮಂಡಿಗೆ ಹತ್ತೋದಕ್ಕಿಂತ ಇಳಿಯೋದೇ ಕಷ್ಟ.

ಕುವೆಂಪುನಗರದ ಟೀಚರ್

ಸರಸ್ವತಿಪುರಂ ಸಾರ್, ನಮ್ಮ ಸ್ಕೂಟರ್ ಬೆಟ್ಟದ ಪಾದದಲ್ಲಿ ನಿಂತಿರತ್ತಲ್ಲ, ಬಸ್ಸು ನಮ್ಮನ್ನ ಸಿಟಿ ಸ್ಟ್ಯಾಂಡಲ್ಲಿ ಇಳಿಸತ್ತೆ! ಅದೊಂದು ಯೋಚನೆ ಮಾಡ್ಬೇಕು.

ಎಲ್ಲರ ಉತ್ತರಾನೂ ಇವರಿಗೆ ಓದಿ ಹೇಳಿದೆ. ಧಾರವಾಡದ ಮೇಷ್ಟ್ರದ್ದಕ್ಕೆ ನಕ್ಕರು, ಆಮೇಲೆ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಮಧ್ಯಾಹ್ನ ಎದ್ದು ನೋಡಿದ್ರೆ ಸ್ಕೇಲು, ಕೆಂಪು ಪೆನ್ನು ಇಟ್ಕೊಂಡು ಹೊಸ ಟೈಮ್ ಟೇಬಲ್ ಬರೀತಿದ್ದಾರೆ. ನನ್ನ ಕಾಲಮ್ಮಲ್ಲಿ ದಿನಾ ಆರರಿಂದ ಏಳೂವರೆ ಬಾಕ್ಸ್ ಹಾಕಿ ಒಳಗೆ "ಬಿಡುವು, ಕಡ್ಡಾಯ" ಅಂತ ಬರೆದು ಕೆಳಗೆ ಸೈನ್ ಬೇರೆ ಮಾಡಿದ್ದಾರೆ.