ಬೆಂಡೆಕಾಯಿ ನೀರು ಮತ್ತು ದೊಡ್ಡಮ್ಮನ ಮಂಡಿ

ಕುಟುಂಬದ ವಾಟ್ಸಾಪ್ ಗುಂಪು, ಭಾನುವಾರ

ರಾಘವೇಂದ್ರ, ಬೆಳಿಗ್ಗೆ 7:12
(ಫಾರ್ವರ್ಡ್ ಆದ ಸಂದೇಶ) ಮಂಡಿಯೊಳಗಿನ ಗ್ರೀಸು ಒಣಗಿದವರು ನಡೆದಷ್ಟೂ ಮೂಳೆಗೆ ಮೂಳೆ ಉಜ್ಜಿ ಸವೆಯುತ್ತದೆ. ನಡಿಗೆಯನ್ನು ನಿಲ್ಲಿಸಿ, ಬೆಂಡೆಕಾಯಿ ನೆನೆಸಿದ ನೀರನ್ನು ಖಾಲಿ ಹೊಟ್ಟೆಯಲ್ಲಿ ಕುಡಿದರೆ 21 ದಿನಗಳಲ್ಲಿ ಗ್ರೀಸು ಮರಳಿ ತುಂಬುತ್ತದೆ.
ಶಾರದತ್ತಿಗೆ, ಇದನ್ನು ನಿಮಗಾಗಿಯೇ ಹಾಕಿದ್ದೇನೆ.

ಶಾರದಾ, 7:40
ಹಾಗಿದ್ದರೆ ದೇವಸ್ಥಾನದವರೆಗಿನ ಸಂಜೆಯ ನಡಿಗೆಯನ್ನು ಇವತ್ತಿನಿಂದಲೇ ಬಿಡುತ್ತೇನೆ ರಾಘು. ಎಕ್ಸ್‌ರೇ ನೋಡಿದ ಡಾಕ್ಟರು ಕೂಡ ಮಂಡಿ ಸವೆದಿದೆ ಎಂದೇ ಹೇಳಿದ್ದರು.

ವಿದ್ಯಾ, 8:05
ದೊಡ್ಡಮ್ಮ, ದಯವಿಟ್ಟು ನಡಿಗೆಯನ್ನು ಬಿಡಬೇಡಿ. ಫಿಸಿಯೋಥೆರಪಿಯನ್ನೇ ವೃತ್ತಿಯಾಗಿ ಮಾಡಿಕೊಂಡ ನಾನು ಇದನ್ನು ಓದಿ ಸುಮ್ಮನಿರಲಾರೆ, ಚಿಕ್ಕಪ್ಪ ಕ್ಷಮಿಸಬೇಕು. ‘ಸವೆತ’ ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಗಾಡಿಯ ಅಚ್ಚಿಗೆ ಜೀವವಿಲ್ಲ, ಆದ್ದರಿಂದ ತಿರುಗಿದಷ್ಟೂ ಸವೆಯುತ್ತದೆ. ಮೂಳೆಯ ತುದಿಯನ್ನು ಹೊದ್ದಿರುವ ಮೃದ್ವಸ್ಥಿಗೆ ಜೀವವಿದೆ, ಆದರೆ ರಕ್ತನಾಳಗಳಿಲ್ಲ. ಕಾಲೂರಿದಾಗ ಹಿಂಡಿಕೊಂಡು, ಎತ್ತಿದಾಗ ಕೀಲಿನ ದ್ರವವನ್ನು ಹೀರಿಕೊಂಡೇ ಅದು ತನ್ನ ಆಹಾರವನ್ನು ಪಡೆಯುತ್ತದೆ. ಕೂತೇ ಇದ್ದರೆ ಆ ಆಹಾರವೂ ತಪ್ಪುತ್ತದೆ, ಮಂಡಿಯನ್ನು ಹಿಡಿದು ನಿಲ್ಲಿಸುವ ತೊಡೆಯ ಸ್ನಾಯುಗಳೂ ಸೊರಗುತ್ತವೆ. ಕುಡಿದ ಬೆಂಡೆಕಾಯಿಯ ಲೋಳೆಯಂತೂ ಕರುಳಿನ ದಾರಿ ಹಿಡಿಯುತ್ತದೆಯೇ ಹೊರತು ಮಂಡಿಯ ಕಡೆಗೆ ಹೊರಳುವುದಿಲ್ಲ.

ರಾಘವೇಂದ್ರ, 8:21
ನಮ್ಮಮ್ಮ ಜೀವನವಿಡೀ ಗದ್ದೆಯಲ್ಲಿ ದುಡಿದವರು. ದುಡಿಮೆಯಿಂದ ಮಂಡಿ ಗಟ್ಟಿಯಾಗುವುದಾದರೆ ಅರವತ್ತಕ್ಕೇ ಅವರ ಕಾಲು ಬಿಲ್ಲಿನಂತೆ ಬಾಗಿದ್ದು ಏಕೆ ಎಂಬುದನ್ನು ನಿನ್ನ ಪುಸ್ತಕ ಹೇಳುತ್ತದೆಯೇ?

ವಿದ್ಯಾ, 8:48
ಪ್ರಶ್ನೆ ನ್ಯಾಯವಾಗಿದೆ ಚಿಕ್ಕಪ್ಪ. ವರ್ಷಗಟ್ಟಲೆ ಕುಕ್ಕರಗಾಲಿನಲ್ಲಿ ಕೂರುವ, ಮಂಡಿಯೂರುವ, ಭಾರ ಹೊರುವ ಕೆಲಸಗಳು ಮಂಡಿ ಸವೆತ ಎಂದು ಕರೆಯುವ ಈ ರೋಗದ (ಆಸ್ಟಿಯೋಆರ್ಥ್ರೈಟಿಸ್) ಸಾಧ್ಯತೆಯನ್ನು ಹೆಚ್ಚಿಸುತ್ತವೆ. ವಯಸ್ಸು, ಹೆಣ್ಣುದೇಹ, ಹಳೆಯ ಪೆಟ್ಟು, ಮನೆತನದ ಗುಣ, ಮೈತೂಕ ಅದಕ್ಕೆ ಜೊತೆಗೂಡುತ್ತವೆ. ಅಜ್ಜಿಯ ದುಡಿಮೆಗೂ ದೊಡ್ಡಮ್ಮನ ಅರ್ಧ ಗಂಟೆಯ ನಡಿಗೆಗೂ ಹೋಲಿಕೆಯೇ ಇಲ್ಲ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ ಎಂದು ಅಳೆದು ನೋಡಿದ್ದಾರೆ. ಎಕ್ಸ್‌ರೇಯನ್ನೂ ಅತಿಯಾಗಿ ನಂಬಬೇಡಿ. ಚಿತ್ರದಲ್ಲಿ ಮಂಡಿ ತೀರಾ ಕೆಟ್ಟು ಕಂಡವರು ಆರಾಮಾಗಿ ಓಡಾಡುವುದೂ, ಚಿತ್ರ ಚೆನ್ನಾಗಿದ್ದವರು ನರಳುವುದೂ ಉಂಟು.

ಪ್ರಸನ್ನ, 9:02
ವಿದ್ಯಾ, ನಮ್ಮ ಅಮ್ಮನಿಗೆ ಮಂಡಿನೋವಿಗೆಂದು ಎರಡು ವರ್ಷ ಗ್ಲುಕೋಸಮೈನ್ ಮಾತ್ರೆ ಕೊಡಿಸಿದ್ದೇನೆ. ಹಾಗಾದರೆ ಅದೂ ದುಬಾರಿ ಬೆಂಡೆಕಾಯಿ ನೀರೇ?

ವಿದ್ಯಾ, 9:10
ಬಹುಮಟ್ಟಿಗೆ ಹೌದು ಭಾವ. 2006ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ 1,583 ರೋಗಿಗಳನ್ನು ಪರೀಕ್ಷಿಸಿದಾಗ, ಒಟ್ಟಾರೆಯಾಗಿ ಅದು ಔಷಧವೇ ಇಲ್ಲದ ಹುಸಿಮಾತ್ರೆಗಿಂತ ಹೆಚ್ಚಿನ ಗುಣವನ್ನು ತೋರಿಸಲಿಲ್ಲ. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರವಾಗಿ ಎತ್ತಿ ಐದು ಎಣಿಸುವಷ್ಟು ಹೊತ್ತು ಹಿಡಿಯುವ ವ್ಯಾಯಾಮಕ್ಕೆ ಖರ್ಚಿಲ್ಲ, ಅದಕ್ಕೇ ಅದರ ಜಾಹೀರಾತು ನಿಮಗೆ ಎಲ್ಲೂ ಕಾಣುವುದಿಲ್ಲ.

ರಾಘವೇಂದ್ರ, 9:15
ವ್ಯಾಯಾಮ ಎನ್ನುತ್ತೀರಿ, ಆಮೇಲೆ ಮಂಡಿ ಬದಲಿಸಿ ಎನ್ನುತ್ತೀರಿ. ಬೆಂಡೆಕಾಯಿಯಿಂದ ಯಾರಿಗೂ ಹಾನಿಯಾಗಿಲ್ಲವಲ್ಲ!

ವಿದ್ಯಾ, 9:19
ಶಸ್ತ್ರಚಿಕಿತ್ಸೆ ಇರುವುದು, ಬೇರೆ ಎಲ್ಲವನ್ನೂ ಮಾಡಿ ನೋಡಿದ ಮೇಲೂ ರಾತ್ರಿ ನಿದ್ದೆ ಬಾರದ, ಮನೆಯೊಳಗೇ ನಡೆಯಲಾಗದ ಸ್ಥಿತಿಗೆ. ಬೆಂಡೆಕಾಯಿಯಿಂದ ಹಾನಿಯಿಲ್ಲ, ಆದರೆ ಅದನ್ನು ನಂಬಿ ನಡಿಗೆಯನ್ನು ಬಿಟ್ಟರೆ ಹಾನಿಯಿದೆ. ದೊಡ್ಡಮ್ಮ, ನಿಜವಾಗಿ ನೋವು ಹೇಗಿದೆ ಎಂದು ನೀವೇ ಬರೆಯಿರಿ.

ಶಾರದಾ, 9:50
ಬಲಮಂಡಿ ಮೆಟ್ಟಿಲು ಇಳಿಯುವಾಗ ಹೆಚ್ಚು ನೋಯುತ್ತದೆ. ಬೆಳಿಗ್ಗೆ ಎದ್ದಾಗ ಹತ್ತು ನಿಮಿಷ ಹಿಡಿದುಕೊಂಡು ಆಮೇಲೆ ಸಡಿಲವಾಗುತ್ತದೆ. ನಿಮಗೆಲ್ಲ ಹೇಳಿರಲಿಲ್ಲ, ಮೂರು ತಿಂಗಳಿಂದ ಮೆಡಿಕಲ್ ಶಾಪಿನವರು ಕೊಟ್ಟ ನೋವಿನ ಮಾತ್ರೆಯನ್ನು ದಿನಕ್ಕೆ ಎರಡು ಬಾರಿ ನುಂಗಿಯೇ ನಡೆಯುತ್ತಿದ್ದೇನೆ. ಬಿಪಿ ಮಾತ್ರೆಯ ಜೊತೆಯಲ್ಲಿಯೇ ತೆಗೆದುಕೊಳ್ಳುತ್ತೇನೆ.

ವಿದ್ಯಾ, 9:53
ದೊಡ್ಡಮ್ಮ, ಹೀಗೆ ಹಿಡಿದುಕೊಂಡದ್ದು ಅರ್ಧ ಗಂಟೆಯೊಳಗೆ ಬಿಡುವುದು ಈ ರೋಗದ ಸ್ವಭಾವ, ಅದಕ್ಕೆ ಗಾಬರಿಯಿಲ್ಲ. ನನಗೆ ಗಾಬರಿಯಾದದ್ದು ಆ ಮಾತ್ರೆಯಿಂದ. ಅಂಥ ಮಾತ್ರೆಗಳಲ್ಲಿ ಹಲವು ರಕ್ತದೊತ್ತಡವನ್ನು ಏರಿಸುತ್ತವೆ, ಜಠರದಲ್ಲಿ ಹುಣ್ಣು ಮಾಡುತ್ತವೆ, ಬಿಪಿ ಔಷಧದ ಜೊತೆಗೆ ಸೇರಿ ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲವು. ಅದರ ಪಟ್ಟಿಯ ಫೋಟೊವನ್ನು ಈಗಲೇ ಹಾಕಿ, ನಾಳೆ ಡಾಕ್ಟರಿಗೂ ತೋರಿಸಿ. ಮಂಡಿಗೆ ಹಚ್ಚುವ ನೋವಿನ ಮುಲಾಮು ನಿಮಗೆ ಆಗುತ್ತದೆಯೇ ಎಂದು ಅವರನ್ನೇ ಕೇಳೋಣ. ಅಲ್ಲಿಯವರೆಗೆ ನೋವು ತಡೆಯುವಷ್ಟೇ ನಡೆಯಿರಿ, ಊರುಗೋಲನ್ನು ಎಡಗೈಯಲ್ಲಿ ಹಿಡಿಯಿರಿ.

ಶಾರದಾ, 9:57
ನೋವು ಬಲಗಾಲಿನಲ್ಲಿ ಇದೆಯಲ್ಲ?

ವಿದ್ಯಾ, 9:58
ಅದಕ್ಕಾಗಿಯೇ ಎಡಗೈ. ಬಲಗಾಲು ಮುಂದಿಡುವಾಗ ಎಡಗೈಯ ಕೋಲೂ ಜೊತೆಗೆ ಊರಿದರೆ ಹೊರೆ ಹಂಚಿಹೋಗುತ್ತದೆ.

ರಾಘವೇಂದ್ರ, 10:06
ಅತ್ತಿಗೆ, ನಾಳೆ ಒಂಬತ್ತು ಗಂಟೆಗೆ ಕಾರು ತರುತ್ತೇನೆ, ಮಾತ್ರೆಯ ಪಟ್ಟಿಯನ್ನೂ ಬಿಪಿ ಚೀಟಿಯನ್ನೂ ಒಟ್ಟಿಗೆ ಚೀಲದಲ್ಲಿ ಹಾಕಿಟ್ಟಿರಿ. ಬೆಂಡೆಕಾಯಿಯ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.