ಸಹಾಯ ಬೇಕು: ರಜೆಯ ಸ್ವಯಂ ಉತ್ತರ ರಿಲೇಯಲ್ಲಿ ಬಿದ್ದುಹೋಗುತ್ತಿದೆ

ಹಾಸನದ ಆಫೀಸೊಂದರ ಮೇಲ್ ಸರ್ವರ್: ಮೇಲ್ ಸಾಗಿಸಲು ಪೋಸ್ಟ್‌ಫಿಕ್ಸ್, ಪೆಟ್ಟಿಗೆಗಳಿಗೆ ಡವ್‌ಕಾಟ್, ಮೇಲ್ ನಿಯಮಗಳ ಸ್ಕ್ರಿಪ್ಟ್‌ಗೆ ಪಿಜನ್‌ಹೋಲ್ ಸೀವ್. ಹಾಸನಾಂಬೆ ಬಾಗಿಲು ತೆಗೆಯುವ ದಿನಗಳಲ್ಲಿ ರಜೆ, ಅಷ್ಟರೊಳಗೆ ವೆಕೇಶನ್ ಉತ್ತರ ಸರಿಹೋಗಬೇಕು.

ಎಲ್‌ಎಂಟಿಪಿಗೆ (ಮೇಲ್ ಅನ್ನು ಪೆಟ್ಟಿಗೆಗೆ ತಲುಪಿಸುವ ಪ್ರೋಟೋಕಾಲ್) ಸೀವ್ ಪ್ಲಗಿನ್ ಹಾಕಿದೆ. ಅಲಿಯಾಸ್‌ಗೆ (ಅದೇ ಪೆಟ್ಟಿಗೆಯ ಇನ್ನೊಂದು ವಿಳಾಸ) ಬಂದ ಮೇಲ್‌ಗೆ ಮೊದಲು ಉತ್ತರವೇ ಇರಲಿಲ್ಲ. ಟು, ಸಿಸಿಗಳಲ್ಲಿ ಪೆಟ್ಟಿಗೆಯ ಸ್ವಂತ ವಿಳಾಸ ಇಲ್ಲದಿದ್ದರೆ ಸೀವ್ ಸುಮ್ಮನಿರುತ್ತದೆ. ':ಅಡ್ರೆಸಸ್' ಪಟ್ಟಿಗೆ ಅಲಿಯಾಸ್ ಸೇರಿಸಿದ ಮೇಲೆ ಅದು ಸರಿಯಾಯಿತು. ':ಡೇಸ್ 1' ಇದೆ, ಅಂದರೆ ಒಬ್ಬರಿಗೆ ದಿನಕ್ಕೆ ಒಂದೇ ಉತ್ತರ, ಹಾಗಾಗಿ ಪ್ರತಿ ಪರೀಕ್ಷೆಗೂ ಬೇರೆ ವಿಳಾಸವೇ. (ಒಂದೇ ವಿಳಾಸದಿಂದ ಹತ್ತು ಸಲ ಕಳಿಸಿ 'ಕೆಟ್ಟಿದೆ' ಅನ್ನಬೇಡಿ.)

ಉಳಿದ ತೊಂದರೆ: ಉತ್ತರದ ಎನ್ವಲಪ್ ಕಳುಹಿಸುವವರ ವಿಳಾಸ (ತಲುಪದ ಮೇಲ್‌ನ ಸೂಚನೆ, ಅಂದರೆ ಬೌನ್ಸ್, ವಾಪಸ್ ಹೋಗುವ ವಿಳಾಸ) ಖಾಲಿ, '<>'. ಉತ್ತರಕ್ಕೆ ಉತ್ತರ ಹೋಗುವ ಲೂಪ್ ತಡೆಯಲು ಅದು ಹಾಗಿರುವುದೇ ಸರಿ. ಆದರೆ ನಮ್ಮ ಮೇಲ್ ಅನ್ನು ಮುಂದಕ್ಕೆ ಕಳಿಸುವ ಹೊರಗಿನ ಸರ್ವರ್ (ರಿಲೇ) ಅದನ್ನು ತಿರಸ್ಕರಿಸುತ್ತಿದೆ. ಖಾಲಿಯ ಬದಲು ಪೆಟ್ಟಿಗೆಯ ವಿಳಾಸವನ್ನೇ ಹಾಕುವ 'ಸೀವ್_ವೆಕೇಶನ್_ಸೆಂಡ್_ಫ್ರಮ್_ರೆಸಿಪಿಯೆಂಟ್' ಅನ್ನು 'ಯೆಸ್' ಮಾಡಿ ಓಡಿಸುತ್ತಿರುವವರು ಯಾರಾದರೂ ಇದ್ದೀರಾ? ಬೌನ್ಸ್‌ಗಳು ಪೆಟ್ಟಿಗೆಗೇ ವಾಪಸ್ ಬಂದು ರಾಶಿಯಾಗುತ್ತವೆಯೇ?